ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಸಂಖ್ಯೆ: ಜೈನ ಪರಂಪರೆಯಲ್ಲಿ ಮನುಷ್ಯರ ಎಣಿಕೆ

ಪ್ರಾಚೀನ ಜೈನ ಸಾಹಿತ್ಯವನ್ನು ಓದುವವರಿಗೆ ದೊಡ್ಡ ಸಂಖ್ಯೆಗಳು ಹೊಸವಲ್ಲ. ಪಲ್ಯ, ಸಾಗರೋಪಮ, ರಜ್ಜು, ಸಂಖ್ಯಾತ, ಅಸಂಖ್ಯಾತ, ಅನಂತ ಮುಂತಾದ ಮಾನಗಳು ಆಗಮಗಳಿಂದ ಹಿಡಿದು ಕನ್ನಡದ ಜೈನ ಪುರಾಣಗಳವರೆಗೆ ಎಲ್ಲೆಡೆ ಹರಡಿಕೊಂಡಿವೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನೆಲ್ಲ ಅತಿಶಯೋಕ್ತಿಯ ಲೆಕ್ಕಕ್ಕೆ ಸೇರಿಸಿ ಮುಂದೆ ಸಾಗುವುದು ರೂಢಿ. ಹಾಗೆ ಸುಲಭವಾಗಿ ದಾಟಿಹೋಗಲು ಬಿಡದ ಸಂಖ್ಯೆಯೊಂದು ಈ ಪರಂಪರೆಯಲ್ಲಿದೆ:

79228162514264337593543950336

ಇದು ಲೋಕದಲ್ಲಿರುವ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಜೈನಾಚಾರ್ಯರಲ್ಲಿ ಹಲವರು ಹೇಳಿದ್ದಾರೆ. ಆಹಾರ, ಶರೀರ, ಇಂದ್ರಿಯ, ಉಚ್ಛ್ವಾಸ, ಭಾಷೆ, ಮನಸ್ಸು ಎಂಬ ಆರು ಪರ್ಯಾಪ್ತಿಗಳನ್ನು ಪೂರ್ಣಗೊಳಿಸಿಕೊಂಡ ಜೀವವೇ ಇಲ್ಲಿ ಪರ್ಯಾಪ್ತ ಮನುಷ್ಯ. ಅತಿಶಯೋಕ್ತಿಗೆ ಕೊನೆಯ ಅಂಕದ ಹಂಗು ಇರುವುದಿಲ್ಲ. ‘ಲೆಕ್ಕವಿಲ್ಲದಷ್ಟು’ ಎಂದರೆ ಕವಿಯ ಕೆಲಸ ಮುಗಿಯಿತು. ಇಲ್ಲಿಯಾದರೋ ಬಿಡಿಸ್ಥಾನದ ಆರರವರೆಗೆ ಸಂಖ್ಯೆ ಖಚಿತವಾಗಿದೆ. ಈ ಖಚಿತತೆ ಎಲ್ಲಿಂದ ಬಂತು, ಅದನ್ನು ಶತಮಾನಗಳವರೆಗೆ ಹೇಗೆ ಕಾಪಾಡಲಾಯಿತು, ಅದನ್ನು ಪ್ರಶ್ನಿಸಿದವರು ಇದ್ದರೆ ಎಂಬ ಮೂರು ವಿಚಾರಗಳನ್ನು ಪರಿಶೀಲಿಸುವುದು ಜೈನ ಬೌದ್ಧಿಕ ಪರಂಪರೆಯ ಸ್ವಭಾವವನ್ನು ತಿಳಿಯಲು ಸಹಾಯಕವಾಗುತ್ತದೆ.

ಸಂಖ್ಯೆಯ ಹುಟ್ಟು

ಶ್ವೇತಾಂಬರ ಆಗಮಗಳಲ್ಲಿ ಒಂದಾದ ‘ಅನುಯೋಗದ್ವಾರ ಸೂತ್ರ’ವು ಪರಂಪರೆಯಂತೆ ಆರ್ಯರಕ್ಷಿತರ ಕೃತಿ. ಅದರಲ್ಲಿ ಮನುಷ್ಯರ ಸಂಖ್ಯೆಯನ್ನು ಅಂಕಗಳಲ್ಲಿ ಬರೆದು ತೋರಿಸಿಲ್ಲ. ಅದನ್ನು ಪಡೆಯುವ ದಾರಿಗಳನ್ನು ಹೇಳಿದೆ. ಆ ಸಂಖ್ಯೆ ಇಪ್ಪತ್ತೊಂಬತ್ತು ಸ್ಥಾನಗಳನ್ನು ಆಕ್ರಮಿಸುತ್ತದೆ; ಮೂರನೆಯ ಯಮಲಪದಕ್ಕಿಂತ ಮೇಲೆ, ನಾಲ್ಕನೆಯ ಯಮಲಪದಕ್ಕಿಂತ ಕೆಳಗೆ ಇದೆ; ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದರೆ ದೊರೆಯುತ್ತದೆ; ತೊಂಬತ್ತಾರು ಬಾರಿ ಅರ್ಧಿಸಬಹುದಾದ ರಾಶಿಯದು. ಎಂಟು ಸ್ಥಾನಗಳಿಗೆ ಒಂದು ಯಮಲಪದ ಎಂಬ ವಿವರಣೆಯನ್ನು ಒಪ್ಪಿದರೆ ಮೂರನೆಯದು ಇಪ್ಪತ್ತನಾಲ್ಕನೆಯ ಸ್ಥಾನಕ್ಕೂ ನಾಲ್ಕನೆಯದು ಮೂವತ್ತೆರಡನೆಯ ಸ್ಥಾನಕ್ಕೂ ಮುಗಿಯುತ್ತವೆ. ಇಪ್ಪತ್ತೊಂಬತ್ತು ಇವುಗಳ ನಡುವೆ ಬರುತ್ತದೆ.

ಇಲ್ಲಿ ‘ವರ್ಗ’ ಎಂದರೆ ಎರಡರಿಂದ ಆರಂಭಿಸಿ ಮತ್ತೆ ಮತ್ತೆ ವರ್ಗ ಮಾಡುತ್ತ ಹೋದಾಗ ಸಿಗುವ ಶ್ರೇಣಿ. ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256, ನಾಲ್ಕನೆಯದು 65536, ಐದನೆಯದು 4294967296, ಆರನೆಯದು 18446744073709551616. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ತ್ರಿಲೋಕಸಾರ’ದಲ್ಲಿ ಇದಕ್ಕೆ ದ್ವಿರೂಪವರ್ಗಧಾರೆ ಎಂಬ ಹೆಸರಿದೆ. ಅದರ ದೊಡ್ಡ ಪದಗಳನ್ನು ಪ್ರಾಕೃತದಲ್ಲಿ ಆರಂಭದ ಅಂಕಗಳಿಂದಲೇ ಕರೆಯುವ ವಾಡಿಕೆ ಬೆಳೆದಿತ್ತು. ಅರವತ್ತೈದರಿಂದ ಆರಂಭವಾಗುವ 65536 ‘ಪಣ್ಣಟ್ಠಿ’; ನಲವತ್ತೆರಡರಿಂದ ಆರಂಭವಾಗುವ ಐದನೆಯ ವರ್ಗ ‘ಬಾದಾಲ’; ಒಂದು, ಎಂಟು ಎಂಬ ಅಂಕಗಳಿಂದ ಮೊದಲಾಗುವ ಆರನೆಯ ವರ್ಗ ‘ಏಕಟ್ಠಿ’. ಬಾದಾಲ ಮತ್ತು ಏಕಟ್ಠಿಗಳ ಗುಣಲಬ್ಧವೇ ನಮ್ಮ ಸಂಖ್ಯೆ.

ಐದನೆಯ ವರ್ಗವು 2ರ 32ನೆಯ ಘಾತ, ಆರನೆಯದು 64ನೆಯ ಘಾತ. ಎರಡನ್ನೂ ಗುಣಿಸಿದಾಗ ಘಾತಗಳು ಕೂಡಿ 96 ಆಗುತ್ತದೆ. ಆದ್ದರಿಂದ ‘ಆರನೆಯದನ್ನು ಐದನೆಯದರಿಂದ ಗುಣಿಸು’ ಎಂಬ ಮಾತೂ ‘ತೊಂಬತ್ತಾರು ಬಾರಿ ಅರ್ಧಿಸು’ ಎಂಬ ಮಾತೂ ಒಂದೇ ಸಂಖ್ಯೆಯನ್ನು ಹೇಳುತ್ತವೆ. ಒಂದು ಮೇಲೇರುವ ದಾರಿ, ಇನ್ನೊಂದು ಕೆಳಗಿಳಿಯುವ ದಾರಿ. ಹೀಗೆ ಅರ್ಧಿಸುವ ಸಲಗಳ ಎಣಿಕೆಗೆ ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಪಾರಿಭಾಷಿಕ ಪದವಿದೆ. ಹದಿನಾರರ ಅರ್ಧಚ್ಛೇದ ನಾಲ್ಕು. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ ಎಂಬ ನಿಯಮವೂ ಅಲ್ಲಿದೆ. ಇಂದಿನ ಗಣಿತದಲ್ಲಿ ಇದು ಎರಡನ್ನು ಆಧಾರವಾಗಿಟ್ಟುಕೊಂಡ ಲಾಗರಿತಮ್.

ಸಂಖ್ಯೆಯ ಗುಣಗಳು

ಎರಡರ ಹೊರತು ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಈ ರಾಶಿಯನ್ನು ಭಾಗಿಸದು. ಒಂದನ್ನೂ ಈ ಸಂಖ್ಯೆಯನ್ನೂ ಸೇರಿಸಿ ಇದಕ್ಕೆ ಇರುವ ಭಾಜಕಗಳು ಕೇವಲ 97. ಆದರೆ ಘಾತವಾದ 96ಕ್ಕೆ ಭಾಜಕಗಳು ಧಾರಾಳವಾಗಿರುವುದರಿಂದ ಈ ಸಂಖ್ಯೆಯನ್ನು ಅನೇಕ ರೂಪಗಳಲ್ಲಿ ಕಾಣಬಹುದು. ಇದು 281474976710656ರ ವರ್ಗ, 4294967296ರ ಘನ, 65536ರ ಆರನೆಯ ಘಾತ, 256ರ ಹನ್ನೆರಡನೆಯ ಘಾತ, 16ರ ಇಪ್ಪತ್ತನಾಲ್ಕನೆಯ ಘಾತ, 4ರ ನಲವತ್ತೆಂಟನೆಯ ಘಾತ. ಐದನೆಯ ವರ್ಗದ ಘನ ಎಂಬ ರೂಪವನ್ನೇ ನೇಮಿಚಂದ್ರರು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಹಿಡಿದಿದ್ದಾರೆ.

ವರ್ಗಧಾರೆಯಲ್ಲಿ ಈ ಸಂಖ್ಯೆಗೆ ಸ್ವಂತ ಸ್ಥಾನವಿಲ್ಲ. ಆರನೆಯ ವರ್ಗವು 64ನೆಯ ಘಾತ, ಏಳನೆಯದು 128ನೆಯ ಘಾತ. 96 ಇವೆರಡರ ಸರಿಮಧ್ಯ. ಅಂದರೆ ಆರನೆಯ ವರ್ಗವನ್ನು ಎಷ್ಟರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆಯೋ ಅಷ್ಟರಿಂದಲೇ ಇದನ್ನು ಗುಣಿಸಿದರೆ ಏಳನೆಯ ವರ್ಗ ಬರುತ್ತದೆ. ಆ ಗುಣಕವೇ ಬಾದಾಲ.

ಗೊಮ್ಮಟಸಾರವು ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕನೆಯ ಮೂರು ಭಾಗ ಮಾನುಷಿಯರು, ಅಂದರೆ ಸ್ತ್ರೀಯರು, ಎನ್ನುತ್ತದೆ. ಇಷ್ಟು ದೊಡ್ಡ ರಾಶಿಯನ್ನು ನಾಲ್ಕು ಪಾಲು ಮಾಡಿದಾಗ ಶೇಷ ಉಳಿಯಬಹುದೇ ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿಲ್ಲ. ಒಂದು ಪಾಲು 19807040628566084398385987584. ಅದರ ಮೂರು ಪಟ್ಟು 59421121885698253195157962752. ಜೀವರಾಶಿಯನ್ನು ಭಾಗ ಮಾಡುವಾಗ ಒಂದು ಜೀವವೂ ತುಂಡಾಗಬಾರದಷ್ಟೆ. ಎರಡರ ಘಾತವಾದ ಸಂಖ್ಯೆ ಆ ಕಷ್ಟವನ್ನು ತಾನಾಗಿಯೇ ತಪ್ಪಿಸುತ್ತದೆ.

ಕಾಪಾಡಿದ ಬಗೆ

ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಯನ್ನು ತಾಳೆಗರಿಯಿಂದ ತಾಳೆಗರಿಗೆ ನಕಲು ಮಾಡುವುದು ಅಪಾಯದ ಕೆಲಸ. ಪದ್ಯದಲ್ಲಿ ಅಕ್ಷರ ತಪ್ಪಿದರೆ ಛಂದಸ್ಸು ಅಥವಾ ಅರ್ಥ ಎಚ್ಚರಿಸುತ್ತದೆ. ಅಂಕ ತಪ್ಪಿದರೆ ಹಾಗೆ ಎಚ್ಚರಿಸುವ ಸಾಧನವಿಲ್ಲ. ಓದುವ ಕಷ್ಟವೂ ಇತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಡುವ ಸ್ಥಾನನಾಮಗಳು ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ ಇಪ್ಪತ್ತನಾಲ್ಕು ಮಾತ್ರ. ನಮ್ಮ ಸಂಖ್ಯೆ ಆ ಪಟ್ಟಿಯನ್ನು ಐದು ಸ್ಥಾನಗಳಷ್ಟು ಮೀರುತ್ತದೆ. ಆದ್ದರಿಂದ ಕೋಟಿಯನ್ನೇ ಮತ್ತೆ ಮತ್ತೆ ಪೇರಿಸಿ ಓದಬೇಕಾಗುತ್ತದೆ: 7 ಕೋಟಿ-ಕೋಟಿ-ಕೋಟಿ-ಕೋಟಿ, 92,28,162 ಕೋಟಿ-ಕೋಟಿ-ಕೋಟಿ, 51,42,643 ಕೋಟಿ-ಕೋಟಿ, 37,59,354 ಕೋಟಿ, 39,50,336. ಮೊದಲಲ್ಲಿ ನಿಂತ ಆ ‘7’ ಎಂಬ ಅಂಕವನ್ನು ಓದುಗರು ನೆನಪಿಡಬೇಕು. ಮುಂದಿನ ವಿವಾದವೆಲ್ಲ ಅದನ್ನೇ ಅವಲಂಬಿಸಿದೆ.

ಹತ್ತನೆಯ ಶತಮಾನದಲ್ಲಿ ಗಂಗರ ಮಂತ್ರಿ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರರು ಜೀವಕಾಂಡದ ಒಂದು ಪ್ರಾಕೃತ ಗಾಹೆಯಲ್ಲಿ ಈ ಸಂಖ್ಯೆಯನ್ನು ಅಕ್ಷರಗಳಾಗಿ ಮಾರ್ಪಡಿಸಿ ಇಟ್ಟಿದ್ದಾರೆ. ಬಳಸಿರುವುದು ಕಟಪಯಾದಿ ಪದ್ಧತಿ. ಕಕಾರದಿಂದ ಒಂಬತ್ತು, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು ವ್ಯಂಜನಗಳಿಗೆ ಕ್ರಮವಾಗಿ ಒಂದರಿಂದ ಬೆಲೆ. ಞ, ನಗಳಿಗೆ ಸೊನ್ನೆ. ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಬೇಕು. ಗಾಹೆಯ ಮೊದಲ ವ್ಯಂಜನ ತಕಾರ. ಟಕಾರದಿಂದ ಎಣಿಸಿದರೆ ಅದು ಆರನೆಯದು, ಬಿಡಿಸ್ಥಾನದಲ್ಲಿಯೂ 6 ಇದೆ. ಬಳಿಕ ಎರಡು ಲಕಾರಗಳು. ಲಕಾರ ಯಕಾರದಿಂದ ಮೂರನೆಯದು, ಸಂಖ್ಯೆಯಲ್ಲಿಯೂ 3, 3. ನಾಲ್ಕನೆಯದು ನಕಾರ, ಅಂದರೆ ಸೊನ್ನೆ. ಇಪ್ಪತ್ತೊಂಬತ್ತು ಅಂಕಗಳಲ್ಲಿ ಸೊನ್ನೆ ಬರುವುದು ಇದೊಂದೇ ಕಡೆ. ಹೀಗೆ ಸಾಗಿ ಕೊನೆಯ ವ್ಯಂಜನ ಸಕಾರಕ್ಕೆ ಬಂದರೆ ಅದರ ಬೆಲೆ 7, ಸಂಖ್ಯೆಯ ಮೊದಲ ಅಂಕ. ಇಪ್ಪತ್ತೊಂಬತ್ತು ಅಕ್ಷರಗಳಲ್ಲಿ ಒಂದೂ ತಪ್ಪಿಲ್ಲ.

ಈ ಗಾಹೆ ಕಂಠಸ್ಥವಾಗಿದ್ದ ವಿದ್ಯಾರ್ಥಿಗೆ ಸಂಖ್ಯೆಯ ಶುದ್ಧಿಯನ್ನು ಪರೀಕ್ಷಿಸಲು ಬೇರೆ ಸಾಧನಗಳೂ ಇದ್ದವು. ಬಾದಾಲವನ್ನು ಘನ ಮಾಡಿ ನೋಡಬಹುದು. ತೊಂಬತ್ತಾರು ಬಾರಿ ಅರ್ಧಿಸಿ ಒಂದಕ್ಕೆ ಮುಟ್ಟುತ್ತದೆಯೇ ಎಂದು ನೋಡಬಹುದು. ಯಾವುದೇ ಒಂದು ಅಂಕ ತಪ್ಪಿದ್ದರೂ ಶೇಷವಿಲ್ಲದೆ ಒಂದನ್ನು ಮುಟ್ಟಲಾಗದು. ಅಂಕಗಳನ್ನು ಕೂಡಿಸಿ ನೋಡುವ ಸುಲಭ ಪರೀಕ್ಷೆಯನ್ನೂ ಇಂದಿನ ಓದುಗರು ಮಾಡಬಹುದು. ಬಾದಾಲದ ಅಂಕಗಳ ಮೊತ್ತ 58, ಅದನ್ನು ಮತ್ತೆ ಕೂಡಿಸುತ್ತ ಹೋದರೆ 4. ಏಕಟ್ಠಿಯ ಅಂಕಗಳ ಮೊತ್ತ 88, ಕೊನೆಗೆ 7. ನಾಲ್ಕೇಳಲಿ ಇಪ್ಪತ್ತೆಂಟು, ಅದರಿಂದ 10, ಅದರಿಂದ 1. ನಮ್ಮ ಸಂಖ್ಯೆಯ ಅಂಕಗಳ ಮೊತ್ತ 127. ಅದೂ 10 ಆಗಿ 1 ಆಗುತ್ತದೆ. ಗುಣಾಕಾರ, ಅರ್ಧಚ್ಛೇದ, ಅಕ್ಷರಸಂಕೇತ ಎಂಬ ಮೂರು ಕಾವಲುಗಳ ನಡುವೆ ಈ ಸಂಖ್ಯೆ ಶತಮಾನಗಳನ್ನು ದಾಟಿ ಬಂದಿದೆ.

ವೀರಸೇನರ ಆಕ್ಷೇಪ

ಸಂಖ್ಯೆಯನ್ನು ತಪ್ಪಿಲ್ಲದೆ ಕಾಪಾಡುವುದು ಒಂದು ಕೆಲಸ. ಅದು ನಿಜವೇ ಎಂದು ಕೇಳುವುದು ಇನ್ನೊಂದು. ನೇಮಿಚಂದ್ರರಿಗಿಂತ ಒಂದೂವರೆ ಶತಮಾನಕ್ಕೂ ಹಿಂದೆಯೇ ಈ ಎರಡನೆಯ ಪ್ರಶ್ನೆಯನ್ನು ಎತ್ತಿದವರು ವೀರಸೇನಾಚಾರ್ಯರು. ಪುಷ್ಪದಂತ-ಭೂತಬಲಿಗಳ ‘ಷಟ್ಖಂಡಾಗಮ’ಕ್ಕೆ ಅವರು ಬರೆದ ಧವಲಾ ಟೀಕೆ ಕ್ರಿ.ಶ. 816ರಲ್ಲಿ ಪೂರ್ಣಗೊಂಡಿತು.

ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮ ಭಾಗದಲ್ಲಿ ಪರ್ಯಾಪ್ತ ಮನುಷ್ಯರಲ್ಲಿ ಬಹುಸಂಖ್ಯೆಯವರಾದ ಮಿಥ್ಯಾದೃಷ್ಟಿಗಳ ಪ್ರಮಾಣವನ್ನು ಹೇಳುವ ಸೂತ್ರವಿದೆ. ಅದು ಖಚಿತ ಸಂಖ್ಯೆಯನ್ನು ಕೊಡದೆ ಎರಡು ಬಗೆಯ ಎಲ್ಲೆಗಳನ್ನು ಹಾಕುತ್ತದೆ. ಮೊದಲನೆಯದು: ಕೋಟಿಯನ್ನು ಮೂರು ಬಾರಿ ಇಟ್ಟು ಗುಣಿಸಿದ ರಾಶಿಗಿಂತ ಹೆಚ್ಚು, ನಾಲ್ಕು ಬಾರಿ ಇಟ್ಟು ಗುಣಿಸಿದ ರಾಶಿಗಿಂತ ಕಡಿಮೆ. ಎರಡನೆಯದು: ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ. ನಮ್ಮ ಸಂಖ್ಯೆ ಎರಡನೆಯ ಎಲ್ಲೆಗೆ ಚೆನ್ನಾಗಿ ಹೊಂದುತ್ತದೆ, ಸರಿಮಧ್ಯದಲ್ಲಿಯೇ ನಿಲ್ಲುತ್ತದೆ. ಮೊದಲನೆಯ ಎಲ್ಲೆಯಲ್ಲಿ ತೊಡಕಿದೆ. ನಾಲ್ಕು ಕೋಟಿಗಳ ಗುಣಲಬ್ಧವೆಂದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ. ಅದೂ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯೇ. ಸ್ಥಾನಗಳನ್ನು ಮಾತ್ರ ಎಣಿಸಿದರೆ ಎರಡೂ ಸಮನಾಗಿ ಕಾಣುತ್ತವೆ. ಆದರೆ ಎಲ್ಲೆಯ ಸಂಖ್ಯೆಯ ಮೊದಲ ಅಂಕ 1, ಆಚಾರ್ಯರು ಹೇಳುವ ಸಂಖ್ಯೆಯ ಮೊದಲ ಅಂಕ 7. ಅದು ಸೂತ್ರದ ಮೇಲೆಲ್ಲೆಯನ್ನು ಸುಮಾರು ಎಂಟು ಪಟ್ಟು ಮೀರಿದೆ. ಸ್ಥಾನಸಾಮ್ಯವು ಪ್ರಮಾಣಸಾಮ್ಯವಲ್ಲ ಎಂಬ ಈ ವ್ಯತ್ಯಾಸ ವೀರಸೇನರ ಗಮನಕ್ಕೆ ಬಂದಿತ್ತು.

ಸೂತ್ರವಿರೋಧವನ್ನು ತೋರಿಸಿ ಅವರು ಸುಮ್ಮನಾಗಬಹುದಿತ್ತು. ಆದರೆ ಅವರು ಮತ್ತೊಂದು ಹೆಜ್ಜೆ ಮುಂದಿಟ್ಟು, ಮನುಷ್ಯರು ವಾಸಿಸುವ ಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ ಅಷ್ಟು ಮನುಷ್ಯರು ಅದರಲ್ಲಿ ಹಿಡಿಸಲಾರರೆಂದು ತೋರಿಸಿದರು.

ಈ ವಾದದ ಬಲವನ್ನು ತಿಳಿಯಲು ಪರಂಪರೆಯ ಮಾನಗಳನ್ನೇ ಹಿಡಿದು ಇಂದಿನ ಓದುಗರೂ ಲೆಕ್ಕ ಮಾಡಿ ನೋಡಬಹುದು. ಮನುಷ್ಯಕ್ಷೇತ್ರದ ವ್ಯಾಸ 45 ಲಕ್ಷ ಯೋಜನ. ನಡುವೆ ಒಂದು ಲಕ್ಷ ಯೋಜನದ ಜಂಬೂದ್ವೀಪ. ಅದರ ಸುತ್ತ ಎರಡು ಲಕ್ಷದ ಲವಣಸಮುದ್ರ, ನಾಲ್ಕು ಲಕ್ಷದ ಧಾತಕೀಖಂಡ, ಎಂಟು ಲಕ್ಷದ ಕಾಲೋದ ಸಮುದ್ರ, ಎಂಟು ಲಕ್ಷದ ಪುಷ್ಕರಾರ್ಧ. ವ್ಯಾಸಕ್ಕೆ ಹತ್ತರ ವರ್ಗಮೂಲದಷ್ಟು ಪಟ್ಟು ಪರಿಧಿ ಎಂಬ ರೂಢಿಯ ಸೂತ್ರದಂತೆ ಇದರ ಕ್ಷೇತ್ರಫಲ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ಒಂದು ಯೋಜನಕ್ಕೆ 7,68,000 ಅಂಗುಲ. ಈ ಲೆಕ್ಕದಲ್ಲಿ ಕ್ಷೇತ್ರಫಲವನ್ನು ಚದರ ಪ್ರಮಾಣಾಂಗುಲಗಳಿಗೆ ತಂದರೆ ಬರುವುದು ಕೇವಲ ಇಪ್ಪತ್ತೈದು ಸ್ಥಾನಗಳ ಸಂಖ್ಯೆ. ಮನುಷ್ಯರ ಸಂಖ್ಯೆಗಾದರೋ ಇಪ್ಪತ್ತೊಂಬತ್ತು ಸ್ಥಾನ. ಒಂದೊಂದು ಚದರ ಪ್ರಮಾಣಾಂಗುಲದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಮನುಷ್ಯರು ನಿಲ್ಲಬೇಕಾಗುತ್ತದೆ.

ದೇಹಗಳನ್ನು ಅಳೆಯುವ ಉತ್ಸೇಧಾಂಗುಲವು ಪ್ರಮಾಣಾಂಗುಲಕ್ಕಿಂತ ಐನೂರು ಪಟ್ಟು ಚಿಕ್ಕದು. ಆ ಸಣ್ಣ ಮಾನಕ್ಕೆ ಇಳಿಸಿದರೂ ಒಬ್ಬ ಮನುಷ್ಯನ ಪಾಲಿಗೆ ಮೂವತ್ತು ಚದರ ಅಂಗುಲಕ್ಕಿಂತ ಕಡಿಮೆ ಜಾಗ ಸಿಗುತ್ತದೆ. ಅದು ಉದ್ದಗಲ ಐದೂವರೆ ಅಂಗುಲದಷ್ಟೂ ಇಲ್ಲದ ತುಣುಕು; ಒಂದು ಮೊಳಕ್ಕೇ ಇಪ್ಪತ್ತನಾಲ್ಕು ಅಂಗುಲ. ಈ ಕ್ಷೇತ್ರದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಎರಡು ಸಮುದ್ರಗಳೇ ಆವರಿಸಿವೆ. ವಿದೇಹಕ್ಷೇತ್ರದ ಮನುಷ್ಯರ ಎತ್ತರ ಐನೂರು ಧನುಸ್ಸು ಎಂದು ಅದೇ ಪರಂಪರೆ ಹೇಳುತ್ತದೆ. ಅಂಥ ದೇಹಗಳಿಗೆ ಐದೂವರೆ ಅಂಗುಲದ ನೆಲ ಎಲ್ಲಿ ಸಾಕಾದೀತು? ಇದಕ್ಕೆ ಪ್ರತಿಯಾಗಿ ಷಟ್ಖಂಡಾಗಮ ಸೂತ್ರದ ಕೆಳಗಿನ ಎಲ್ಲೆಯನ್ನು ಹಿಡಿದರೆ ಒಬ್ಬೊಬ್ಬರಿಗೆ ಸುಮಾರು ಐನೂರು ಧನುಸ್ಸು ಉದ್ದಗಲದ ಜಾಗ ದೊರೆಯುತ್ತದೆ. ಸೂತ್ರದ ವ್ಯಾಪ್ತಿಯೊಳಗೆ ನೆಲಕ್ಕೂ ಜನಕ್ಕೂ ಹೊಂದುವ ಸಂಖ್ಯೆಗಳಿಗೆ ಅವಕಾಶವಿದೆ. ಎರಡರ ತೊಂಬತ್ತಾರನೆಯ ಘಾತಕ್ಕೆ ಇಲ್ಲ.

ಈ ವಾದದಲ್ಲಿ ಗಮನಿಸಬೇಕಾದ ಅಂಶ ಅದರ ವಿಧಾನ. ಯೋಜನ, ದ್ವೀಪ, ಸಮುದ್ರ, ದೇಹಪ್ರಮಾಣಗಳೆಲ್ಲ ವೀರಸೇನರಿಗೆ ಪರಂಪರೆಯಿಂದ ಬಂದವು. ಅವನ್ನು ಅವರು ಪ್ರಶ್ನಿಸಲಿಲ್ಲ. ಆದರೆ ಪರಂಪರೆಯ ಒಂದು ಮಾತು ಅದರ ಇನ್ನೊಂದು ಮಾತಿನೊಡನೆ ಹೊಂದಿಕೊಳ್ಳಲೇಬೇಕೆಂದು ಪಟ್ಟುಹಿಡಿದರು. ಪೂರ್ವಾಚಾರ್ಯರು ಹೇಳಿದ್ದೆಂಬ ಕಾರಣಕ್ಕೆ ಸಂಖ್ಯೆಯೊಂದು ಪರೀಕ್ಷೆಯಿಂದ ವಿನಾಯಿತಿ ಪಡೆಯಲಿಲ್ಲ. ಖಗೋಳ-ಭೂಗೋಳಗಳ ಕಲ್ಪನೆ ಇಂದಿಗೆ ಹೊಂದದಿರಬಹುದು. ಒಳಸಂಗತಿಯನ್ನು ಅಳತೆಯಿಂದ ಒರೆಗೆ ಹಚ್ಚುವ ಈ ಬಗೆ ಇಂದಿಗೂ ಸಲ್ಲುವಂಥದು.

ನಂತರದ ದಾರಿ

ಇಷ್ಟಾದರೂ ಸಂಖ್ಯೆ ಮರೆಯಾಗಲಿಲ್ಲ. ಧವಲೆಯ ಸಾರವನ್ನು ಸಂಗ್ರಹಿಸಿದ ನೇಮಿಚಂದ್ರರೇ ಅದನ್ನು ಗೊಮ್ಮಟಸಾರದಲ್ಲಿ ಉಳಿಸಿಕೊಂಡರು, ಅಕ್ಷರಸಂಕೇತದ ಭದ್ರತೆಯನ್ನೂ ಒದಗಿಸಿದರು. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿಯನ್ನು ಬರೆದನು. ಅದೇ ಹೆಸರಿನ ಸಂಸ್ಕೃತ ಟೀಕೆ ಈ ಕನ್ನಡ ವೃತ್ತಿಯನ್ನು ಆಧರಿಸಿದ್ದೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ‘ಸಮ್ಯಗ್ಜ್ಞಾನಚಂದ್ರಿಕೆ’ಯಲ್ಲಿ ಗೊಮ್ಮಟಸಾರವನ್ನು ಉತ್ತರದ ದೇಶಭಾಷೆಗೆ ತಂದರು. ಹೀಗೆ ಪ್ರಾಕೃತದಿಂದ ಕನ್ನಡಕ್ಕೆ, ಕನ್ನಡದಿಂದ ಸಂಸ್ಕೃತಕ್ಕೆ, ಅಲ್ಲಿಂದ ಉತ್ತರದ ದೇಶಭಾಷೆಗೆ ಸಾಗಿದ ಜೀವಕಾಂಡದೊಡನೆ ಈ ಸಂಖ್ಯೆಯೂ ಸಾಗಿತು.

ವೀರಸೇನರ ಆಕ್ಷೇಪದ ಇತಿಹಾಸ ಬೇರೆಯೇ. ಧವಲಾ ಗ್ರಂಥದ ಕನ್ನಡ ಲಿಪಿಯ ತಾಳೆಗರಿ ಪ್ರತಿಗಳು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳವರೆಗೆ ದರ್ಶನದ ವಸ್ತುವಾಗಿದ್ದವೇ ಹೊರತು ಓದಿನ ವಸ್ತುವಾಗಿರಲಿಲ್ಲ. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಹದಿನಾರು ಸಂಪುಟಗಳಾಗಿ ಅದು ಪ್ರಕಟವಾಯಿತು. 1942ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗರು ಧವಲೆಯ ಗಣಿತವನ್ನು ಕುರಿತು ಬರೆದ ಲೇಖನದಿಂದ ಅರ್ಧಚ್ಛೇದದ ನಿಯಮಗಳೂ ಈ ಸಂಖ್ಯೆಯ ವಿವಾದವೂ ಗಣಿತದ ಇತಿಹಾಸಕಾರರ ಗಮನಕ್ಕೆ ಬಂದವು. ಸಂಖ್ಯೆ ಕಂಠಪಾಠವಾಗಿ ಬಾಳಿತು. ಅದರ ಮೇಲಿನ ಪ್ರಶ್ನೆ ಗರಿಗಳ ಕಟ್ಟಿನೊಳಗೆ ಕಾದು ಕುಳಿತಿತ್ತು.

ಇಂದು ಎರಡರ ಘಾತಗಳು ಗಣಕಯಂತ್ರದ ನಿತ್ಯದ ಭಾಷೆ. ಬಾದಾಲ, ಏಕಟ್ಠಿ, ಏಳನೆಯ ವರ್ಗಗಳು 32, 64, 128 ಬಿಟ್‌ಗಳ ಎಲ್ಲೆಗಳಾಗಿ ಅಲ್ಲಿ ಮತ್ತೆ ಕಾಣಿಸುತ್ತವೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಹಣಕಾಸಿನ ಲೆಕ್ಕಕ್ಕೆ ಬಳಸುವ ದಶಮಾಂಶ ಸಂಖ್ಯೆಗಳಿಗೆ 96 ಬಿಟ್‌ಗಳ ಅವಕಾಶವಿದ್ದು, ಅದು ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 79228162514264337593543950335. ಗೊಮ್ಮಟಸಾರದ ಸಂಖ್ಯೆಗೆ ಒಂದು ಕಡಿಮೆ. ಇದರಿಂದ ಪ್ರಾಚೀನರಿಗೆ ಗಣಕಯಂತ್ರ ಗೊತ್ತಿತ್ತು ಎಂದು ಹೊರಡುವುದು ವೀರಸೇನರು ಮೆಚ್ಚುವ ತರ್ಕವಾಗಲಾರದು. ಎರಡನ್ನೇ ಮತ್ತೆ ಮತ್ತೆ ಗುಣಿಸುವವರು ಯಾವ ಕಾಲದವರಾದರೂ ಇವೇ ಮೆಟ್ಟಿಲುಗಳನ್ನು ತುಳಿಯಬೇಕು, ಅಷ್ಟೆ. 2022ರಲ್ಲಿ 800 ಕೋಟಿ ಮುಟ್ಟಿದ ಭೂಮಿಯ ಜನಸಂಖ್ಯೆಗೆ ಧವಲೆಯ ಪರಿಭಾಷೆಯಲ್ಲಿ ಮೂವತ್ತಮೂರು ಅರ್ಧಚ್ಛೇದಗಳೂ ತುಂಬುವುದಿಲ್ಲ.

ಈ ಸಂಖ್ಯೆಯ ಚರಿತ್ರೆಯಲ್ಲಿ ಪರಂಪರೆಯ ಎರಡು ಹೊಣೆಗಳು ಒಟ್ಟಿಗೆ ಕಾಣುತ್ತವೆ. ಪಡೆದದ್ದನ್ನು ಒಂದಂಕವೂ ಕೆಡದಂತೆ ಮುಂದಿನವರಿಗೆ ಒಪ್ಪಿಸುವುದು ನೇಮಿಚಂದ್ರ, ಕೇಶವಣ್ಣರು ಹೊತ್ತ ಹೊಣೆ. ಪಡೆದದ್ದು ಸರಿಯೇ ಎಂದು ಅಳೆದು ನೋಡುವುದು ವೀರಸೇನರು ಹೊತ್ತ ಹೊಣೆ. ಮೊದಲನೆಯದಿಲ್ಲದಿದ್ದರೆ ಎರಡನೆಯದಕ್ಕೆ ಅಳೆಯಲು ವಸ್ತುವೇ ಇರುತ್ತಿರಲಿಲ್ಲ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಬರಿಯ ಗಿಳಿಪಾಠವಾಗುತ್ತಿತ್ತು. ಪ್ರಾಚೀನ ಕೃತಿಗಳಲ್ಲಿ ಎದುರಾಗುವ ದೊಡ್ಡ ಸಂಖ್ಯೆಯನ್ನು ಅಲಂಕಾರವೆಂದು ದಾಟಿಹೋಗುವ ಮುನ್ನ ಅದರ ಕೊನೆಯ ಅಂಕವನ್ನೊಮ್ಮೆ ನೋಡುವುದು ಸಂಶೋಧಕನಿಗೆ ಒಳ್ಳೆಯ ಅಭ್ಯಾಸ. ಅದು ಸೊನ್ನೆಯಲ್ಲದಿದ್ದರೆ ಅದರ ಹಿಂದೆ ಯಾರೋ ಲೆಕ್ಕ ಮಾಡಿರುವ ಸಂಭವವಿದೆ. ಲೆಕ್ಕ ಮಾಡಿದವರಿದ್ದ ಕಡೆ ಅದನ್ನು ತಿರುಗಿ ಪರೀಕ್ಷಿಸಿದವರೂ ಇದ್ದಿರಬಹುದು.